ಕಂಪನಿ ಮುಳುಗಿತು, ಕ್ಲಬ್ಬು ಉಳಿಯಿತು: ರಿಚ್ಮಂಡ್ ರಗ್ಬಿಯ ಕಥೆ

1999ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ರಿಚ್ಮಂಡ್ ರಗ್ಬಿ ತಂಡದ ಗಲ್ಲಾಪೆಟ್ಟಿಗೆ ಬರಿದಾಯಿತು. ಸಾಲ ಕೊಟ್ಟವರ ಪರವಾಗಿ ಲೆಕ್ಕ ನೋಡುವ ಆಡಳಿತಾಧಿಕಾರಿಗಳು ಬಂದು ಕೂತರು. ಆಗ ಆ ತಂಡದಲ್ಲಿ ಇಂಗ್ಲೆಂಡ್, ವೇಲ್ಸ್, ಅರ್ಜೆಂಟೀನಾ ಪರ ಆಡಿದ ದೊಡ್ಡ ದೊಡ್ಡ ಹೆಸರುಗಳಿದ್ದವು. ಆಡುತ್ತಿದ್ದ ಸ್ಟೇಡಿಯಂ ಹೊಚ್ಚಹೊಸದು, ಸುಮಾರು 24 ಸಾವಿರ ಜನ ಕೂರುವಂಥದ್ದು. ಮುಂದಿನ ಸೀಸನ್ನಿನ ಪಟ್ಟಿ ಬಂದಾಗ ಇಂಗ್ಲೆಂಡಿನ ಅಗ್ರ ಲೀಗಿನಲ್ಲಿ ರಿಚ್ಮಂಡ್ ಅನ್ನುವ ಹೆಸರೇ ಇರಲಿಲ್ಲ.

ಆದರೆ 2000ನೇ ಇಸವಿಯಲ್ಲಿ ಅದೇ ಹೆಸರಿನ ತಂಡವೊಂದು ಅದೇ ಕಪ್ಪು, ಕೆಂಪು, ಹಳದಿ ಪಟ್ಟೆಯ ಅಂಗಿ ತೊಟ್ಟು ಮೈದಾನಕ್ಕಿಳಿಯಿತು. ಈ ಸಲ ಹೊಸ ಸ್ಟೇಡಿಯಮ್ಮಿಗಲ್ಲ, ತನ್ನ ಹಳೇ ಮೈದಾನಕ್ಕೆ. ಆಡಿದ್ದು ಜಿಲ್ಲಾ ಮಟ್ಟದ ಲೀಗಿನಲ್ಲಿ. ಆಡಿದವರು ವಾರವೆಲ್ಲ ಬೇರೆ ಕೆಲಸ ಮಾಡಿ ಶನಿವಾರ ಬೂಟು ಕಟ್ಟುವವರು.

ಹಾಗಾದರೆ 1999ರಲ್ಲಿ ಸತ್ತದ್ದು ಏನು? 2000ದಲ್ಲಿ ಆಡಿದ್ದು ಯಾರು?

ಸತ್ತದ್ದು ಒಂದು ಕಂಪನಿ. ಆಡಿದ್ದು ಒಂದು ಸಂಘ. ಎರಡನ್ನೂ ನಾವು ‘ಕ್ಲಬ್’ ಅಂತಲೇ ಕರೆಯುತ್ತೇವೆ, ಗೊಂದಲ ಶುರುವಾಗುವುದೇ ಅಲ್ಲಿ. ಇಂಗ್ಲೆಂಡಿನ ರಗ್ಬಿಯಲ್ಲಿ ಈ ಎರಡರ ನಡುವಿನ ಗೆರೆ ಎಲ್ಲಿದೆ ಅಂತ ತಿಳಿಯಲು ರಿಚ್ಮಂಡ್‌ಗಿಂತ ಒಳ್ಳೆಯ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಮೊದಲು ಆಟದ ಬಗ್ಗೆ ನಾಲ್ಕು ಮಾತು

ರಗ್ಬಿ ಯೂನಿಯನ್‌ನಲ್ಲಿ ಒಂದು ಕಡೆಗೆ 15 ಜನ. ಚೆಂಡು ಉದ್ದುದ್ದ, ಮೊಟ್ಟೆಯ ಆಕಾರ. ಅದನ್ನು ಎತ್ತಿಕೊಂಡು ಓಡಬಹುದು, ಒದೆಯಬಹುದು. ಆದರೆ ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ, ಪಕ್ಕಕ್ಕೋ ಹಿಂದಕ್ಕೋ ಮಾತ್ರ. ಮುಂದೆ ಹೋಗಬೇಕಾದರೆ ಚೆಂಡನ್ನು ಹಿಂದಿರುವವನಿಗೆ ಕೊಡಬೇಕು. ವಿಚಿತ್ರ ಅನಿಸುತ್ತದೆ, ಆದರೆ ಆಟದ ಸೊಗಸೆಲ್ಲ ಇರುವುದು ಇದರಲ್ಲೇ.

ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ‘ಟ್ರೈ’. ಈಗ ಅದಕ್ಕೆ 5 ಅಂಕ. ಟ್ರೈ ಅಂದರೆ ಪ್ರಯತ್ನ ಅಲ್ವಾ, ಸಾಧಿಸಿಯಾದ ಮೇಲೆ ಯಾಕೆ ಆ ಹೆಸರು? ಯಾಕೆಂದರೆ ಮೊದಲು ಅದಕ್ಕೆ ಅಂಕವೇ ಇರಲಿಲ್ಲ. ಗೆರೆ ದಾಟಿದವರಿಗೆ ಗೋಲಿನ ಕಂಬಗಳ ನಡುವೆ ಒದೆಯುವ ಒಂದು ಪ್ರಯತ್ನ ಮಾತ್ರ ಸಿಗುತ್ತಿತ್ತು. ಚೆಂಡು ಅಡ್ಡಪಟ್ಟಿಯ ಮೇಲಿಂದ ಹಾರಿದರೆ ಗೋಲು, ಇಲ್ಲದಿದ್ದರೆ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹೆಸರು ಹಾಗೇ ಉಳಿಯಿತು, ಅಂಕ ಆಮೇಲೆ ಬಂತು.

ಯಾವ ಕಡೆಗೂ ಸೇರದ ಕಾಲ

ರಿಚ್ಮಂಡ್ ಇರುವುದು ಲಂಡನ್ನಿನ ನೈಋತ್ಯಕ್ಕೆ, ಥೇಮ್ಸ್ ನದಿಯ ದಡದಲ್ಲಿ. ಕ್ಲಬ್ಬು ಹುಟ್ಟಿದ್ದು 1861ರಲ್ಲಿ. ಅದರ ಹೆಸರು ರಿಚ್ಮಂಡ್ ಫುಟ್ಬಾಲ್ ಕ್ಲಬ್. ಹೆಸರಲ್ಲಿ ರಗ್ಬಿ ಇಲ್ಲ, ಗಮನಿಸಿದಿರಾ? ಆಗ ಫುಟ್ಬಾಲ್ ಅಂದರೆ ಒಂದೇ ಆಟವಾಗಿರಲಿಲ್ಲ. ಒಂದೊಂದು ಶಾಲೆಗೂ ಒಂದೊಂದು ನಿಯಮ. ಈಟನ್ ಶಾಲೆಯದ್ದು ಒಂದು ಥರ, ಹ್ಯಾರೋದ್ದು ಇನ್ನೊಂದು, ರಗ್ಬಿ ಎಂಬ ಊರಿನ ಶಾಲೆಯದ್ದು ಮತ್ತೊಂದು. ಶಾಲೆ ಮುಗಿಸಿ ಲಂಡನ್ನಿಗೆ ಬಂದ ಹುಡುಗರು ಕ್ಲಬ್ಬು ಕಟ್ಟಿಕೊಂಡು ಆಡಲು ಹೋದರೆ, ಪಂದ್ಯಕ್ಕೆ ಮೊದಲು ಇವತ್ತು ಯಾರ ನಿಯಮ ಅನ್ನುವ ಚರ್ಚೆಯೇ ಜಾಸ್ತಿ.

1863ರ ಅಕ್ಟೋಬರ್ 26ರಂದು ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್‌ನಲ್ಲಿ ಕೆಲವು ಕ್ಲಬ್ಬುಗಳು ಸೇರಿ ಫುಟ್ಬಾಲ್ ಅಸೋಸಿಯೇಷನ್ ಕಟ್ಟಿದವು. ನಾವೆಲ್ಲ ಇವತ್ತು ನೋಡುವ ಫುಟ್ಬಾಲಿನ ಹುಟ್ಟು ಅದು. ಎಲ್ಲರಿಗೂ ಒಂದೇ ನಿಯಮ ಮಾಡೋಣ ಅಂದರು. ಜಗಳ ಬಿದ್ದದ್ದು ಎರಡು ವಿಷಯಕ್ಕೆ. ಚೆಂಡು ಹಿಡಿದು ಓಡಬಹುದೇ? ಎದುರಾಳಿಯ ಮೊಣಕಾಲಿನ ಕೆಳಗೆ ಎಲುಬಿಗೇ ಬೂಟಿನಿಂದ ಒದೆಯಬಹುದೇ? ಈ ಎರಡನೆಯದಕ್ಕೆ ‘ಹ್ಯಾಕಿಂಗ್’ ಅಂತ ಹೆಸರಿತ್ತು. ಅದು ಬೇಕೇ ಬೇಕು ಅಂತ ಬ್ಲ್ಯಾಕ್‌ಹೀತ್ ಕ್ಲಬ್ಬಿನವರು ಹಟ ಹಿಡಿದರು. ಅದನ್ನು ತೆಗೆದರೆ ಗಂಡಸುತನವೇ ಹೋಗುತ್ತದೆ ಅನ್ನುವುದು ಅವರ ವಾದ. ಒಪ್ಪಿಗೆಯಾಗದೆ ಡಿಸೆಂಬರ್‌ನಲ್ಲಿ ಎದ್ದು ಹೋದರು.

ಹೊಸ ಅಸೋಸಿಯೇಷನ್ನಿನ ನಿಯಮಗಳಲ್ಲಿ ಮೊದಲ ಪಂದ್ಯ ನಡೆದದ್ದು 1863ರ ಡಿಸೆಂಬರ್ 19ರಂದು, ಮಾರ್ಟ್‌ಲೇಕ್‌ನಲ್ಲಿ. ಒಂದು ಕಡೆ ಬಾರ್ನ್ಸ್, ಇನ್ನೊಂದು ಕಡೆ ರಿಚ್ಮಂಡ್. ಫಲಿತಾಂಶ 0-0. ಅಂದರೆ ಜಗತ್ತಿನ ಮೊದಲ ಅಸೋಸಿಯೇಷನ್ ಫುಟ್ಬಾಲ್ ಪಂದ್ಯ ಆಡಿದವರಲ್ಲಿ ಇಂದಿನ ಈ ರಗ್ಬಿ ಕ್ಲಬ್ಬೂ ಒಂದು! ರುಚಿ ನೋಡಿದರು, ಹಿಡಿಸಲಿಲ್ಲ ಅಂತ ಕಾಣುತ್ತದೆ. ಚೆಂಡು ಹಿಡಿದು ಓಡುವ ಆಟಕ್ಕೇ ವಾಪಸ್ಸಾದರು.

ಮುಂದಿನ ಏಳು ವರ್ಷ ರಗ್ಬಿ ಕ್ಲಬ್ಬುಗಳು ತಮ್ಮ ತಮ್ಮ ಇಷ್ಟದಂತೆ ಆಡಿಕೊಂಡಿದ್ದವು. 1870ರ ಡಿಸೆಂಬರ್‌ನಲ್ಲಿ ರಿಚ್ಮಂಡಿನ ಎಡ್ವಿನ್ ಆ್ಯಶ್ ಮತ್ತು ಬ್ಲ್ಯಾಕ್‌ಹೀತ್‌ನ ಬೆಂಜಮಿನ್ ಬರ್ನ್ಸ್ ಸೇರಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಗೆ ಕಾಗದ ಬರೆದರು. ಕ್ಲಬ್ಬಿಗೊಂದು ನಿಯಮವಾದರೆ ಆಡುವುದೇ ಕಷ್ಟ, ಕೂತು ಮಾತಾಡಿ ಒಂದು ಪದ್ಧತಿ ಮಾಡಿಕೊಳ್ಳೋಣ ಅನ್ನುವುದು ಅದರ ಸಾರ. 1871ರ ಜನವರಿ 26ರಂದು ಲಂಡನ್ನಿನ ಪಾಲ್ ಮಾಲ್ ರೆಸ್ಟೋರೆಂಟ್‌ನಲ್ಲಿ 21 ಕ್ಲಬ್ಬುಗಳು ಸೇರಿದವು. ರಿಚ್ಮಂಡ್ ನಾಯಕ ಇ. ಸಿ. ಹೋಮ್ಸ್ ಅಧ್ಯಕ್ಷತೆ ವಹಿಸಿದರು. ಹೀಗೆ ಹುಟ್ಟಿದ ರಗ್ಬಿ ಫುಟ್ಬಾಲ್ ಯೂನಿಯನ್ನಿಗೆ ಮೊದಲ ಅಧ್ಯಕ್ಷ ರಿಚ್ಮಂಡಿನ ಆಲ್ಜರ್ನನ್ ರಟರ್, ಕಾರ್ಯದರ್ಶಿ ಅದೇ ಎಡ್ವಿನ್ ಆ್ಯಶ್. ವಾಸ್ಪ್ಸ್ ಎಂಬ ಕ್ಲಬ್ಬಿನ ಪ್ರತಿನಿಧಿ ತಪ್ಪು ಪಬ್ಬಿಗೆ ಹೋಗಿ, ಅಲ್ಲೇ ಕುಡಿಯುತ್ತಾ ಕೂತು ಸಭೆ ತಪ್ಪಿಸಿಕೊಂಡ ಅಂತ ಒಂದು ಕಥೆ ಇದೆ. ಈ ವಾಸ್ಪ್ಸ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ನಿಯಮ ಬರೆದವರು ಮೂವರು ವಕೀಲರು: ರಟರ್, ಹೋಮ್ಸ್ ಮತ್ತು ಮೇಟನ್. ಮೇಟನ್ ಆಗ ಆಡುವಾಗ ಕಾಲು ಮುರಿದುಕೊಂಡು ಮಲಗಿದ್ದರು, ಹಾಗಾಗಿ ಬರೆಯುವ ಕೆಲಸ ಹೆಚ್ಚಾಗಿ ಅವರ ತಲೆಗೇ ಬಂತು. ಒಟ್ಟು 59 ನಿಯಮ. ಹ್ಯಾಕಿಂಗ್ ಅದರಲ್ಲಿ ನಿಷೇಧ! ಎಂಟು ವರ್ಷದ ಹಿಂದೆ ಯಾವುದಕ್ಕೋಸ್ಕರ ಮನೆ ಒಡೆಯಿತೋ ಅದನ್ನೇ ಇವರೂ ಕೈಬಿಟ್ಟರು.

ಕಲ್ಕತ್ತಾದ ರೂಪಾಯಿ

ಈ ಕಥೆಯಲ್ಲಿ ನಮ್ಮ ದೇಶವೂ ಒಂದು ಕ್ಷಣ ಬಂದು ಹೋಗುತ್ತದೆ. 1872ರ ಡಿಸೆಂಬರ್‌ನಲ್ಲಿ ಕಲ್ಕತ್ತಾದಲ್ಲಿದ್ದ ಬ್ರಿಟಿಷರು ರಗ್ಬಿ ಆಡಿದರು. ಮುಂದಿನ ತಿಂಗಳು ಕಲ್ಕತ್ತಾ ಫುಟ್ಬಾಲ್ ಕ್ಲಬ್ ಶುರುವಾಯಿತು, 1874ರಲ್ಲಿ ಲಂಡನ್ನಿನ ಯೂನಿಯನ್ನಿಗೂ ಸೇರಿತು. ಕ್ಲಬ್ಬಿನಲ್ಲಿ ಮದ್ಯ ಪುಕ್ಕಟೆ ಇದ್ದಷ್ಟು ದಿನ ಸದಸ್ಯರಿಗೆ ಬರವಿರಲಿಲ್ಲ. ಅದು ನಿಂತಾಗ ಜನರೂ ಕರಗಿದರು. ಅಲ್ಲಿನ ಸೆಕೆಯಲ್ಲಿ ರಗ್ಬಿಗಿಂತ ಪೋಲೊ, ಟೆನಿಸ್ ವಾಸಿ ಅನಿಸಿತು. ಕ್ಲಬ್ಬು ಮುಚ್ಚುವಾಗ ಬ್ಯಾಂಕಿನಲ್ಲಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಾಗಿ ತೆಗೆಸಿ, ಕರಗಿಸಿ ಒಂದು ಕಪ್ ಮಾಡಿಸಿದರು. ಹಿಡಿಕೆಗೆ ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. ಅದನ್ನು 1878ರಲ್ಲಿ ಯೂನಿಯನ್ನಿಗೆ ಕೊಟ್ಟರು. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು ಆ ಕಲ್ಕತ್ತಾ ಕಪ್ಪಿಗಾಗಿ ಆಡುತ್ತಿವೆ.

ಸುಮ್ನೆ ಮೋಜಿಗೆ ಹೇಳಿದ್ದಲ್ಲ. ಕ್ಲಬ್ಬೊಂದು ಹೇಗೆ ಸಾಯುತ್ತದೆ ಅನ್ನುವುದಕ್ಕೆ ಇದು ಒಂದು ನಮೂನೆ. ಸದಸ್ಯರು ಬರುವುದು ನಿಂತರೆ ಕ್ಲಬ್ಬು ಸತ್ತಂತೆ, ಬ್ಯಾಂಕಿನಲ್ಲಿ ದುಡ್ಡಿದ್ದರೂ. ರಿಚ್ಮಂಡಿಗೆ ಆದದ್ದು ಇದರ ತಿರುಗುಮುರುಗು: ದುಡ್ಡು ಹೋಯಿತು, ಸದಸ್ಯರು ಉಳಿದರು.

ಹಣ ಮುಟ್ಟಬಾರದು ಅನ್ನುವ ಮಡಿ

ಹವ್ಯಾಸಿ ಕ್ಲಬ್ ಅಂದಾಗ ನಮಗೆ ಸಣ್ಣ ಕ್ಲಬ್ ಅನಿಸುತ್ತದೆ. ಇಂಗ್ಲೆಂಡಿನ ರಗ್ಬಿಯಲ್ಲಿ ಆ ಪದದ ಅರ್ಥ ಬೇರೆ. ಅದು ಹೆಚ್ಚುಕಡಿಮೆ ಒಂದು ಧರ್ಮವೇ ಆಗಿತ್ತು.

ದಕ್ಷಿಣದ ಕ್ಲಬ್ಬುಗಳಲ್ಲಿ ಆಡುತ್ತಿದ್ದವರು ವಕೀಲರು, ವೈದ್ಯರು, ಬ್ಯಾಂಕಿನವರು. ಶನಿವಾರ ಆಡಿದರೆ ಅವರಿಗೆ ಏನೂ ನಷ್ಟವಿಲ್ಲ. ಉತ್ತರದ ಯಾರ್ಕ್‌ಷೈರ್, ಲ್ಯಾಂಕಷೈರ್‌ಗಳಲ್ಲಿ ಆಡುತ್ತಿದ್ದವರು ಗಿರಣಿ ಮತ್ತು ಗಣಿ ಕಾರ್ಮಿಕರು. ಅವರಿಗೆ ಶನಿವಾರವೂ ಕೆಲಸ. ಪಂದ್ಯಕ್ಕೆ ಹೋದರೆ ಕೂಲಿ ಕಟ್. ಆ ಕೂಲಿಯಷ್ಟನ್ನಾದರೂ ತುಂಬಿಕೊಡಿ ಅಂತ ಉತ್ತರದವರು ಕೇಳಿದರು. 1893ರಲ್ಲಿ ಯೂನಿಯನ್ನಿನ ಸಭೆಯಲ್ಲಿ ಇದು ಮತಕ್ಕೆ ಬಂತು. ಪರವಾಗಿ 136, ವಿರೋಧವಾಗಿ 282. ಎರಡು ವರ್ಷದ ಮೇಲೆ, 1895ರ ಆಗಸ್ಟ್ 29ರಂದು, ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸಭೆ ಸೇರಿ ಬೇರೆಯಾದವು. ಅವರು ಕಟ್ಟಿದ ನಾರ್ದರ್ನ್ ಯೂನಿಯನ್ನೇ ಮುಂದೆ 13 ಜನ ಆಡುವ ರಗ್ಬಿ ಲೀಗ್ ಆಯಿತು. ಉಳಿದದ್ದು ರಗ್ಬಿ ಯೂನಿಯನ್. ಒಂದೇ ಹೆಸರಿನ ಎರಡು ಆಟ ಯಾಕೆ ಅಂತ ಯಾರಾದರೂ ಕೇಳಿದರೆ ಉತ್ತರ ಇಷ್ಟೇ: ಒಂದು ದಿನದ ಕೂಲಿ.

ಹಾಗಾಗಿ ಹವ್ಯಾಸಿ ಕಾಲವನ್ನು ಹೊಗಳುವವರ ಮಾತನ್ನು ನಾನು ಸ್ವಲ್ಪ ಸಂಶಯದಿಂದಲೇ ಕೇಳುತ್ತೇನೆ. ಆಟದ ಪ್ರೀತಿ ಅನ್ನುವ ಮಾತಿನ ಹಿಂದೆ, ಬಡವರು ನಮ್ಮ ಜೊತೆ ಆಡಬೇಕಾಗಿಲ್ಲ ಅನ್ನುವ ಬಿಂಕವೂ ಇತ್ತು. ನಂತರದ ಮಡಿವಂತಿಕೆ ಕೇಳಿದರೆ ನಗು ಬರುತ್ತದೆ. ಲೀಗ್ ಕಡೆಗೆ ಹೋಗಿ ಹಣ ಪಡೆದವನಿಗೆ ಯೂನಿಯನ್ನಿನಿಂದ ಜೀವನಪೂರ್ತಿ ಬಹಿಷ್ಕಾರ. ಇಂಗ್ಲೆಂಡ್ ತಂಡದ ನಾಯಕನಾಗಿದ್ದ ಬಿಲ್ ಬೋಮಾಂಟ್ 1982ರಲ್ಲಿ ಆಟದಿಂದ ನಿವೃತ್ತರಾಗಿ ಆತ್ಮಕಥೆ ಬರೆದು ಅದರ ಹಣವನ್ನು ತಾವೇ ಇಟ್ಟುಕೊಂಡರು. ಅಷ್ಟಕ್ಕೇ ಅವರು ವೃತ್ತಿಪರ ಅನ್ನುವ ಮುದ್ರೆ ಬಿತ್ತು. ಅದೇ ಬೋಮಾಂಟ್ 2016ರಿಂದ 2024ರವರೆಗೆ ವಿಶ್ವ ರಗ್ಬಿ ಸಂಸ್ಥೆಯ ಅಧ್ಯಕ್ಷರಾಗಿದ್ದರು.

ಆದರೆ ಹವ್ಯಾಸಿ ಪದ್ಧತಿ ಒಂದು ಗಟ್ಟಿ ವಸ್ತುವನ್ನು ಬಿಟ್ಟುಹೋಯಿತು: ಸದಸ್ಯರ ಕ್ಲಬ್. ಅದು ನಡೆಯುವ ಬಗೆ ತೀರಾ ಸರಳ. ಆಟಗಾರನಿಗೆ ಹಣ ಕೊಡುವುದಿಲ್ಲ, ಅವನೇ ಕ್ಲಬ್ಬಿಗೆ ಕೊಡಬೇಕು. ವರ್ಷದ ಚಂದಾ ಇರುತ್ತದೆ, ಪಂದ್ಯಕ್ಕಿಷ್ಟು ಅಂತಲೂ ಇರುತ್ತದೆ. ಸದಸ್ಯರು ಸೇರಿ ಸಮಿತಿ ಆರಿಸುತ್ತಾರೆ. ಒಂದನೇ ತಂಡ, ಎರಡನೇ ತಂಡ, ಮೂರನೇ ತಂಡ, ಹೊಟ್ಟೆ ಬಂದವರ ತಂಡ, ಹೆಂಗಸರ ತಂಡ, ಭಾನುವಾರ ಬೆಳಗ್ಗೆ ಪುಟಾಣಿಗಳ ತಂಡಗಳು. ಪಂದ್ಯ ಮುಗಿದ ಮೇಲೆ ಎರಡೂ ಕಡೆಯವರು ಒಂದೇ ಕಡೆ ಕೂತು ಊಟ ಮಾಡುತ್ತಾರೆ, ಕುಡಿಯುತ್ತಾರೆ. ಆ ಬಾರಿನ ವ್ಯಾಪಾರವೇ ಕ್ಲಬ್ಬಿನ ದೊಡ್ಡ ಆದಾಯಗಳಲ್ಲೊಂದು. ಗೆರೆ ಹಾಕುವುದರಿಂದ ಹಿಡಿದು ಅಡುಗೆಮನೆಯವರೆಗೆ ಹೆಚ್ಚಿನ ಕೆಲಸ ಸಂಬಳವಿಲ್ಲದ ಕೈಗಳದ್ದು. ಇಂಥ ಕ್ಲಬ್ಬು ಶ್ರೀಮಂತವಾಗುವುದು ಕಷ್ಟ, ಮುಳುಗುವುದು ಇನ್ನೂ ಕಷ್ಟ. ಖರ್ಚೇ ಇಲ್ಲದಿದ್ದರೆ ಮುಳುಗುವುದು ಹೇಗೆ?

ರಿಚ್ಮಂಡ್‌ಗೆ ಜೊತೆಗೊಂದು ಭಾಗ್ಯ ಇತ್ತು, ಮೈದಾನ. ಓಲ್ಡ್ ಡಿಯರ್ ಪಾರ್ಕ್ ಅನ್ನುವುದು ಹಿಂದೆ ರಾಜರ ಬೇಟೆಯ ಜಾಗ, ಈಗಲೂ ಅರಸೊತ್ತಿಗೆಯ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್‌ನ ಜಮೀನು. ಅದರ ಒಂದು ಭಾಗ ರಿಚ್ಮಂಡ್ ಅಥ್ಲೆಟಿಕ್ ಗ್ರೌಂಡ್. ಗುತ್ತಿಗೆ ಇರುವುದು ಆ ಮೈದಾನ ನೋಡಿಕೊಳ್ಳುವ ರಿಚ್ಮಂಡ್ ಅಥ್ಲೆಟಿಕ್ ಅಸೋಸಿಯೇಷನ್ ಹೆಸರಿನಲ್ಲಿ. 19ನೇ ಶತಮಾನದ ಕೊನೆಯಿಂದ ಅಲ್ಲಿ ರಿಚ್ಮಂಡ್ ಜೊತೆ ಲಂಡನ್ ಸ್ಕಾಟಿಷ್ ಕ್ಲಬ್ಬೂ ಬಿಡಾರ ಹೂಡಿದೆ. ಲಂಡನ್ನಿನಲ್ಲಿ ನೆಲೆಸಿದ ಸ್ಕಾಟ್ಲೆಂಡಿನವರು 1878ರಲ್ಲಿ ಕಟ್ಟಿಕೊಂಡ ಕ್ಲಬ್ ಅದು. ಮೈದಾನ ರಗ್ಬಿಗಷ್ಟೇ ಹೆಸರಾದದ್ದಲ್ಲ. 1963ರಲ್ಲಿ ಊರಿನ ಕ್ರಾಡ್ಯಾಡಿ ಕ್ಲಬ್ಬಿನ ಸಂಗೀತ ಈ ಮೈದಾನದ ಕ್ಲಬ್ ಕಟ್ಟಡಕ್ಕೆ ಬಂತು, ಆಗಿನ್ನೂ ಹೊಸಬರಾಗಿದ್ದ ರೋಲಿಂಗ್ ಸ್ಟೋನ್ಸ್ ಇಲ್ಲಿ ನುಡಿಸಿದರು.

ಇನ್ನೊಂದು ಹೆಮ್ಮೆ ನದಿಯ ಆಚೆ ದಡದಲ್ಲಿದೆ. ಇಂಗ್ಲೆಂಡ್ ರಗ್ಬಿಯ ದೊಡ್ಡ ಸ್ಟೇಡಿಯಂ ಟ್ವಿಕನ್‌ಹ್ಯಾಮ್‌ನಲ್ಲಿ ಮೊಟ್ಟಮೊದಲ ಪಂದ್ಯ ನಡೆದದ್ದು 1909ರ ಅಕ್ಟೋಬರ್ 2ರಂದು, ಹಾರ್ಲೆಕ್ವಿನ್ಸ್ ಮತ್ತು ರಿಚ್ಮಂಡ್ ನಡುವೆ. ಹಾರ್ಲೆಕ್ವಿನ್ಸ್ 14-10ರಿಂದ ಗೆದ್ದರು.

ದುಡ್ಡು ಬಂದ ಮೂರು ವರ್ಷ

ಇಂಗ್ಲೆಂಡಿನ ಕ್ಲಬ್ ರಗ್ಬಿಯಲ್ಲಿ ದೇಶಕ್ಕೆಲ್ಲ ಒಂದೇ ಲೀಗ್ ಅನ್ನುವ ವ್ಯವಸ್ಥೆ ಬಂದದ್ದು 1987ರಲ್ಲಿ. ಅಲ್ಲಿಯವರೆಗೆ ಬಹುಪಾಲು ಸ್ನೇಹದ ಪಂದ್ಯಗಳು. ಯಾರು ಯಾರ ಜೊತೆ ಆಡಬೇಕು ಅನ್ನುವುದು ತಾತನ ಕಾಲದ ನಂಟಿನ ಮೇಲೆ ನಿಂತಿತ್ತು. ಲೀಗ್ ಬಂದ ಮೇಲೆ ಮೇಲೆ ಹತ್ತುವುದು, ಕೆಳಗೆ ಬೀಳುವುದು ಶುರು. ಗೆಲ್ಲಲೇಬೇಕು ಅಂದಾಗ ಒಳ್ಳೆಯ ಆಟಗಾರ ಬೇಕು, ಒಳ್ಳೆಯ ಆಟಗಾರ ಅಂದಾಗ ದುಡ್ಡಿನ ಮಾತು ಬಂದೇ ಬರುತ್ತದೆ.

1995ರ ಆಗಸ್ಟ್‌ನಲ್ಲಿ, ಹಡರ್ಸ್‌ಫೀಲ್ಡ್ ಸಭೆಗೆ ಸರಿಯಾಗಿ ನೂರು ವರ್ಷ ತುಂಬುವ ಹೊತ್ತಿಗೆ, ಪ್ಯಾರಿಸ್‌ನಲ್ಲಿ ರಗ್ಬಿ ಯೂನಿಯನ್ನಿನ ಅಂತಾರಾಷ್ಟ್ರೀಯ ಮಂಡಳಿ ಹಣದ ಮೇಲಿನ ನಿಷೇಧವನ್ನು ತೆಗೆದುಹಾಕಿತು. ಇಂಗ್ಲೆಂಡಿನ ಯೂನಿಯನ್ನು ಒಂದು ವರ್ಷ ತಡೆಯಿರಿ, ಯೋಚಿಸೋಣ ಅಂದಿತು. ಆ ವರ್ಷದಲ್ಲೇ ಎಡವಟ್ಟಾದದ್ದು. ಯೂನಿಯನ್ನು ಯೋಚಿಸುತ್ತಿದ್ದಾಗ ಹಣವಂತರು ಬಂದು ಕ್ಲಬ್ಬುಗಳನ್ನು ಕೊಂಡರು. ನ್ಯೂಕಾಸಲ್‌ಗೆ ಸರ್ ಜಾನ್ ಹಾಲ್, ಸರಸೆನ್ಸ್‌ಗೆ ನೈಜಲ್ ರೇ, ರಿಚ್ಮಂಡ್‌ಗೆ ಆ್ಯಶ್ಲಿ ಲೆವೆಟ್. ತಾಮ್ರದ ವ್ಯಾಪಾರದಲ್ಲಿ ದುಡ್ಡು ಮಾಡಿದ ಲೆವೆಟ್ ವಾಸವಿದ್ದದ್ದು ಮೊನಾಕೊದಲ್ಲಿ.

ಕ್ಲಬ್ಬು ಎರಡಾದದ್ದು ಇಲ್ಲಿ. ಒಂದನೇ ತಂಡ, ಅದರ ಲೀಗ್ ಸ್ಥಾನ, ಆಟಗಾರರ ಒಪ್ಪಂದ, ಇವೆಲ್ಲ ಕಂಪನಿಯ ಕೈಗೆ. ಚಂದಾ ಕಟ್ಟುವ ಸದಸ್ಯರು, ಕೆಳಗಿನ ತಂಡಗಳು, ಮಕ್ಕಳ ರಗ್ಬಿ ಸಂಘದ ಕಡೆಗೆ. ಅಂಗಿ ಒಂದೇ, ಹೆಸರು ಒಂದೇ. ನೋಡುವವರಿಗೆ ಎರಡೂ ಒಂದೇ ಅನಿಸಿದ್ದರೆ ಅವರ ತಪ್ಪಲ್ಲ.

ದುಡ್ಡು ಕೆಲಸ ಮಾಡಿತು, ಇಲ್ಲ ಅನ್ನಲಾಗದು. ಬಾತ್ ಕ್ಲಬ್ಬಿನಿಂದ ಇಂಗ್ಲೆಂಡ್ ಆಟಗಾರ ಬೆನ್ ಕ್ಲಾರ್ಕ್ ಬಂದರು. ಬ್ರಿಟನ್ನಿನ ಮೊದಲ ಹತ್ತು ಲಕ್ಷ ಪೌಂಡಿನ ರಗ್ಬಿ ಆಟಗಾರ ಅಂತ ಅವರಿಗೆ ಹೆಸರು ಬಂತು. ವೇಲ್ಸ್‌ನ ಸ್ಕಾಟ್ ಕ್ವಿನೆಲ್ ಮತ್ತು ಆಲನ್ ಬೇಟ್‌ಮನ್ ರಗ್ಬಿ ಲೀಗಿನಿಂದ ಬಂದರು. ಎರಡು ವರ್ಷ ಮೊದಲಾಗಿದ್ದರೆ ಇವರಿಬ್ಬರೂ ಯೂನಿಯನ್ನಿನ ಅಂಗಳಕ್ಕೆ ಕಾಲಿಡುವ ಹಾಗಿರಲಿಲ್ಲ. ಅರ್ಜೆಂಟೀನಾದಿಂದ ಆಗುಸ್ತಿನ್ ಪಿಚೋಟ್ ಬಂದರು. ಮುಂದೆ ಬೋಮಾಂಟ್ ಅಧ್ಯಕ್ಷರಾಗಿದ್ದಾಗ ಇವರೇ ವಿಶ್ವ ಸಂಸ್ಥೆಯ ಉಪಾಧ್ಯಕ್ಷ. 1996-97ರಲ್ಲಿ ರಿಚ್ಮಂಡ್ ಎರಡನೇ ದರ್ಜೆಯ ಲೀಗ್ ಗೆದ್ದಿತು, ಮರುವರ್ಷ ಅಗ್ರ ಲೀಗಿನಲ್ಲಿ ಐದನೇ ಸ್ಥಾನ.

ಲೆಕ್ಕ ಮಾತ್ರ ಕೂಡಿಬರಲಿಲ್ಲ. ಅಂತಾರಾಷ್ಟ್ರೀಯ ಆಟಗಾರರ ಸಂಬಳಕ್ಕೆ ತಕ್ಕಷ್ಟು ಟಿಕೆಟ್ ಮಾರಬೇಕಾದರೆ ಅಥ್ಲೆಟಿಕ್ ಗ್ರೌಂಡಿನ ಒಂದು ಹಳೇ ಸ್ಟ್ಯಾಂಡು ಸಾಲದು. ಅದಕ್ಕೆ 1998ರಲ್ಲಿ ತಂಡವನ್ನು ರೆಡಿಂಗ್ ಪಟ್ಟಣಕ್ಕೆ, ಫುಟ್ಬಾಲ್ ಕ್ಲಬ್ಬೊಂದರ ಹೊಸ ಮಡೇಸ್ಕಿ ಸ್ಟೇಡಿಯಮ್ಮಿಗೆ ಸಾಗಿಸಿದರು. ಸುಮಾರು ಐವತ್ತು ಕಿಲೋಮೀಟರ್ ದೂರ. ರಿಚ್ಮಂಡ್‌ನಲ್ಲಿ ಮನೆಯಿಂದ ನಡೆದು ಬಂದು, ಆಟ ನೋಡಿ, ಬಾರಿನಲ್ಲಿ ಒಂದು ಗ್ಲಾಸ್ ಏರಿಸಿ ಹೋಗುತ್ತಿದ್ದ ಮನುಷ್ಯ ರೆಡಿಂಗ್‌ಗೆ ಯಾಕೆ ಹೋಗುತ್ತಾನೆ? ರೆಡಿಂಗ್‌ನವನಿಗೆ ರಿಚ್ಮಂಡ್ ಅಂದರೆ ಏನು? ಆಸನಗಳಿದ್ದವು, ಕೂರುವವರು ಬೇಕಲ್ಲ.

1999ರ ಆರಂಭದಲ್ಲಿ ಲೆವೆಟ್ ಕೈ ಎತ್ತಿದರು. ಒಬ್ಬನೇ ಮನುಷ್ಯನ ಜೇಬಿನ ಮೇಲೆ ನಿಂತ ತಂಡಕ್ಕೆ ಆ ಜೇಬು ಮುಚ್ಚಿದ ದಿನವೇ ಕೊನೆಯ ದಿನ. ಲಂಡನ್ ಸ್ಕಾಟಿಷ್‌ನ ಕಥೆಯೂ ಹೆಚ್ಚುಕಡಿಮೆ ಇದೇ. ಎರಡೂ ಕಂಪನಿಗಳನ್ನು ಲಂಡನ್ ಐರಿಷ್ ಎಂಬ ಇನ್ನೊಂದು ಅಗ್ರ ಲೀಗ್ ಕ್ಲಬ್ಬಿನೊಳಗೆ ವಿಲೀನ ಮಾಡಿದರು. ಹಿಂದಿನ ಸೀಸನ್ನಿನಲ್ಲಿ 14 ತಂಡಗಳಿದ್ದ ಅಗ್ರ ಲೀಗ್ ಮುಂದಿನ ಸೀಸನ್ನಿಗೆ 12 ಆಯಿತು. ಉಳಿದವರ ಪಾಲಿಗೆ ಹಂಚಿಕೊಳ್ಳುವ ಬಾಯಿ ಎರಡು ಕಡಿಮೆ. ವಿಲೀನ ಅಂದರೂ ರಿಚ್ಮಂಡಿನ ಅಂಗಿ ಹೊಸ ತಂಡದಲ್ಲಿ ಉಳಿಯಲಿಲ್ಲ.

ತಳದಿಂದ ಮತ್ತೆ

ಕಂಪನಿ ಹೋಯಿತು. ಆದರೆ ಕಂಪನಿ ಮೈದಾನ ಬಿಟ್ಟು ಹೋಗಿತ್ತಲ್ಲ, ಅದೇ ಒಳ್ಳೆಯದಾಯಿತು. ಮೈದಾನದ ಗುತ್ತಿಗೆ ಕಂಪನಿಯದ್ದಾಗಿರಲಿಲ್ಲ. ಸಾಲ ಕೊಟ್ಟವರು ಹಿಡಿದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಹವ್ಯಾಸಿ ತಂಡಗಳು, ಸದಸ್ಯರು, ಬಾರು, ಕಂಬಗಳು ಎಲ್ಲ ಇದ್ದಲ್ಲೇ ಇದ್ದವು. ಹೋದದ್ದು ಒಂದನೇ ತಂಡ ಮತ್ತು ಅದರ ಲೀಗ್ ಸ್ಥಾನ.

ಇಂಗ್ಲೆಂಡಿನ ಲೀಗ್ ವ್ಯವಸ್ಥೆ ಒಂದು ಉದ್ದ ಏಣಿ. ಮೇಲಿನ ಮೆಟ್ಟಿಲು ಪ್ರೀಮಿಯರ್‌ಶಿಪ್, ಅದರ ಕೆಳಗೆ ಚಾಂಪಿಯನ್‌ಶಿಪ್, ನಂತರ ನ್ಯಾಷನಲ್ ಲೀಗ್‌ಗಳು, ಅದಕ್ಕೂ ಕೆಳಗೆ ಪ್ರಾಂತ್ಯದ, ಜಿಲ್ಲೆಯ ಲೀಗ್‌ಗಳು. ಈ ಹೆಸರುಗಳು ಆಗಾಗ ಬದಲಾಗುತ್ತವೆ, ಏಣಿ ಬದಲಾಗುವುದಿಲ್ಲ. ಹೊಸದಾಗಿ ಬರುವವರು ತಳದಿಂದ ಹತ್ತಬೇಕು. ನಾವು 1871ರಲ್ಲಿ ಯೂನಿಯನ್ ಕಟ್ಟಿದವರು ಅಂದರೂ ರಿಯಾಯಿತಿ ಇಲ್ಲ. ಹಾಗಾಗಿ 2000ದಲ್ಲಿ ರಿಚ್ಮಂಡ್ ಹರ್ಟ್‌ಫರ್ಡ್‌ಷೈರ್ ಮತ್ತು ಮಿಡ್ಲ್‌ಸೆಕ್ಸ್ ಜಿಲ್ಲೆಗಳ ಲೀಗಿನಿಂದ ಶುರು ಮಾಡಿತು.

ಮುಂದಿನ ವರ್ಷಗಳ ಒಂದೊಂದು ಪಂದ್ಯದ ಲೆಕ್ಕ ಇಲ್ಲಿ ಬೇಡ. ಮೆಟ್ಟಿಲು ಮೆಟ್ಟಿಲಾಗಿ ಹತ್ತಿದರು. 2016ರಲ್ಲಿ ‘ನ್ಯಾಷನಲ್ ಲೀಗ್ 1’ ಗೆದ್ದು ಚಾಂಪಿಯನ್‌ಶಿಪ್‌ಗೆ, ಅಂದರೆ ಎರಡನೇ ಮೆಟ್ಟಿಲಿಗೆ ಬಂದರು. ಅಲ್ಲಿ ಎದುರಾಳಿಗಳಲ್ಲಿ ಹೆಚ್ಚಿನವರು ಪೂರ್ತಿ ಸಂಬಳದ ಆಟಗಾರರು. ರಿಚ್ಮಂಡಿನವರು ಮಾತ್ರ ಹಗಲು ಆಫೀಸು, ಸಂಜೆ ತಾಲೀಮು. ಆಡಿದ್ದಕ್ಕೆ ಅಷ್ಟಿಷ್ಟು ಹಣ ಸಿಗುತ್ತದೆ, ಹಾಗಾಗಿ ಹಳೇ ಮಡಿಯ ಅರ್ಥದಲ್ಲಿ ಒಂದನೇ ತಂಡ ಹವ್ಯಾಸಿ ಅಲ್ಲ. ಆದರೆ ಅದರಿಂದಲೇ ಹೊಟ್ಟೆ ಹೊರೆಯುವವರೂ ಅಲ್ಲ. ದುಡಿದಷ್ಟೇ ಖರ್ಚು ಮಾಡಬೇಕು ಅನ್ನುವುದನ್ನು 1999 ಅವರಿಗೆ ಕಲಿಸಿತ್ತು.

ಇದಕ್ಕೆ ಬೆಲೆಯೂ ತೆರಬೇಕಾಯಿತು. 2019ರಲ್ಲಿ ಕೆಳಗೆ ಬಿದ್ದರು. 2020ರಲ್ಲಿ ಮತ್ತೆ ಮೇಲೆ. 2023ರಲ್ಲಿ ಮತ್ತೆ ಕೆಳಗೆ. 2025ರಲ್ಲಿ ಮತ್ತೆ ‘ನ್ಯಾಷನಲ್ ಲೀಗ್ 1’ ಗೆದ್ದು ಮೇಲೆ. ಬಾವಿಯ ಬಿಂದಿಗೆಯ ಹಾಗೆ. ಇಷ್ಟು ಹತ್ತಿಳಿದರೂ ಕ್ಲಬ್ಬು ಅಲುಗಾಡಲಿಲ್ಲ, ಯಾಕೆಂದರೆ ಬಿದ್ದಾಗ ಕೊಡಬೇಕಾದ ದೊಡ್ಡ ಸಂಬಳಗಳೇ ಇರಲಿಲ್ಲ.

ರಿಚ್ಮಂಡಿನ ಹೆಂಗಸರ ತಂಡಕ್ಕೆ ಈ ಮಾದರಿಯ ಇನ್ನೊಂದು ಮುಖ ಕಂಡಿತು. ಅವರು ಇಂಗ್ಲೆಂಡಿನ ಚಾಂಪಿಯನ್ನರಾಗಿ ಹಲವು ಸಲ ಗೆದ್ದವರು. 2017ರಲ್ಲಿ ಮಹಿಳೆಯರ ಅಗ್ರ ಲೀಗ್ ಹೊಸ ರೂಪದಲ್ಲಿ ಶುರುವಾದಾಗ ಅದರ ಹತ್ತು ತಂಡಗಳಲ್ಲಿ ರಿಚ್ಮಂಡ್ ಕೂಡ ಇತ್ತು. 2020ರಲ್ಲಿ ಲೀಗಿನ ಸ್ಥಾನಗಳನ್ನು ಮತ್ತೆ ಹಂಚುವಾಗ ರಿಚ್ಮಂಡ್ ಹೊರಬಿತ್ತು. ಎಕ್ಸೆಟರ್, ಸೇಲ್‌ನಂಥ ವೃತ್ತಿಪರ ಕ್ಲಬ್ಬುಗಳು ಒಳಬಂದವು. ಮೈದಾನದಲ್ಲಿ ಸೋತು ಬಿದ್ದದ್ದಲ್ಲ, ಕಾಗದದ ಮೇಲೆ ಬಿದ್ದದ್ದು. ನನಗೆ ಇದು 1999ಕ್ಕಿಂತ ಜಾಸ್ತಿ ಅನ್ಯಾಯ ಅನಿಸುತ್ತದೆ.

ನುಂಗಿದವರ ಗತಿ

ರಿಚ್ಮಂಡನ್ನು ನುಂಗಿದ ಲಂಡನ್ ಐರಿಷ್ ಏನಾಯಿತು? 2000ದಲ್ಲಿ ಅವರೂ ಅದೇ ರೆಡಿಂಗ್‌ನ ಅದೇ ಸ್ಟೇಡಿಯಮ್ಮಿಗೆ ಹೋದರು. ಅಲ್ಲೇ 20 ವರ್ಷ ಆಡಿದರು. 2020ರಲ್ಲಿ ಲಂಡನ್ನಿಗೆ ವಾಪಸ್ಸಾದರು. 2023ರ ಜೂನ್‌ನಲ್ಲಿ ಹಣ ಹೊಂದಿಸಲಾಗದೆ ಲೀಗಿನಿಂದ ಅಮಾನತಾದರು. ಅದಕ್ಕೂ ಮೊದಲು, 2022ರಲ್ಲಿ, ಹಣವಿಲ್ಲದೆ ವೂಸ್ಟರ್ ಕ್ಲಬ್ಬು ಬಿತ್ತು. ಆಮೇಲೆ ವಾಸ್ಪ್ಸ್ ಬಿತ್ತು, 1871ರಲ್ಲಿ ತಪ್ಪು ಪಬ್ಬಿಗೆ ಹೋಗಿ ಸಭೆ ತಪ್ಪಿಸಿಕೊಂಡ ಅದೇ ವಾಸ್ಪ್ಸ್. ಒಂದೇ ಸೀಸನ್ನಿನ ಅವಧಿಯಲ್ಲಿ ಅಗ್ರ ಲೀಗಿನ ಮೂರು ಹೆಸರು.

ಆಗ ಸುದ್ದಿಯಾಗದೆ ಉಳಿದದ್ದು ಒಂದಿದೆ. ವಾಸ್ಪ್ಸ್ ಹೆಸರಿನ ಹವ್ಯಾಸಿ ಕ್ಲಬ್ಬು ಪಶ್ಚಿಮ ಲಂಡನ್ನಿನ ಆ್ಯಕ್ಟನ್‌ನಲ್ಲಿ ತನ್ನ ಮೈದಾನದಲ್ಲಿ ಆಡುತ್ತಲೇ ಇದೆ. ಲಂಡನ್ ಐರಿಷ್‌ನ ಹವ್ಯಾಸಿ ಕ್ಲಬ್ಬೂ ಸನ್‌ಬರಿಯಲ್ಲಿ ಆಡುತ್ತಲೇ ಇದೆ. ಪತ್ರಿಕೆಗಳಲ್ಲಿ ಸತ್ತದ್ದು ಕಂಪನಿಗಳು.

ಲಂಡನ್ ಸ್ಕಾಟಿಷ್ ಕೂಡ ರಿಚ್ಮಂಡ್ ಹಾಗೇ ತಳದಿಂದ ಹತ್ತಿ 2011ರಲ್ಲಿ ಚಾಂಪಿಯನ್‌ಶಿಪ್ ಮುಟ್ಟಿತು. 2025-26ರ ಸೀಸನ್ನಿನಲ್ಲಿ ಇವರಿಬ್ಬರೂ ಒಂದೇ ಲೀಗಿನಲ್ಲಿದ್ದರು, ಒಂದೇ ಮೈದಾನ ತಮ್ಮದು ಅನ್ನುವವರು. ಒಬ್ಬರ ಮೇಲೊಬ್ಬರು ಆಡುವ ದಿನ ಪಟ್ಟಿಯ ಪ್ರಕಾರ ಒಬ್ಬರು ಆತಿಥೇಯರು, ಇನ್ನೊಬ್ಬರು ಅತಿಥಿಗಳು. ಅತಿಥಿ ಅನಿಸಿಕೊಂಡವರೂ ಬರುವುದು ತಮ್ಮದೇ ಮನೆಗೆ, ಪಂದ್ಯ ಮುಗಿದ ಮೇಲೆ ಸಾಲು ನಿಲ್ಲುವುದೂ ಅದೇ ಬಾರಿನ ಮುಂದೆ.